ರಂಗಪ್ಪನವರು ಹೊಲಿದ ಬೆಲ್ಟು

ನಾಯಿಗಳು ಮನುಷ್ಯರನ್ನು ಮೂಸುವುದು ಲೋಕದ ರೂಢಿ. ಕಾಂಪೌಂಡರ್ ರಂಗಪ್ಪನವರು ನಾಯಿಗಳನ್ನು ಮೂಸುತ್ತಿದ್ದರು. ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿ, ಪಂಚೆ ಎತ್ತಿ ಕಟ್ಟಿ, ನಮ್ಮ ಟೈಗರ್ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ಕಿವಿ ಮಡಚಿ ಮೂಗಿಟ್ಟು ಉಸಿರೆಳೆದರೆ ಪರೀಕ್ಷೆ ಅರ್ಧ ಮುಗಿದ ಹಾಗೆ.

"ಎಡಗಿವಿ ಕೆಟ್ಟಿದೆ ಅಮ್ಮಾವ್ರೆ. ನೀರು ಹಾಕಿದ್ಮೇಲೆ ಒರೆಸ್ಲಿಲ್ಲ ನೀವು," ಎನ್ನುತ್ತಿದ್ದರು. ನಾನು ನಿಜವಾಗಿಯೂ ಒರೆಸಿರುತ್ತಿರಲಿಲ್ಲ.

ನಾನು ಮದುವೆಯಾಗಿ ಜಯನಗರಕ್ಕೆ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ಆಗ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಕಳ್ಳರ ಭಯಕ್ಕೆ ನಾಯಿ, ಇಲಿಗಳ ಕಾಟಕ್ಕೆ ಬೆಕ್ಕು, ಹೀಗೆ ಮನೆಗೊಂದು ಪ್ರಾಣಿ. ದನದ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದು ನಿವೃತ್ತರಾಗಿದ್ದ ರಂಗಪ್ಪನವರು ಕತ್ರಿಗುಪ್ಪೆಯಿಂದ ಪ್ರತಿ ಭಾನುವಾರ ಸೈಕಲ್ ತುಳಿದು ಬಂದು ಇವನ್ನೆಲ್ಲ ನೋಡಿ ಹೋಗುತ್ತಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ. ಬೇಡ ಅನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ.

ಅವರ ಪಂಚಾಂಗವೇ ಬೇರೆ. ಯುಗಾದಿ ಬಂತೆಂದರೆ, "ನೀರಿನ ಬೋಗುಣಿ ನೆರಳಿಗಿಡಿ." ಮಳೆ ಹಿಡಿಯಿತೆಂದರೆ, "ಕಾಲ್ಬೆರಳ ಸಂದಿ ಒರೆಸಿ. ಉಣ್ಣಿ ಕಿತ್ತು ಸೀಮೆಎಣ್ಣೆ ಡಬ್ಬಕ್ಕೆ ಹಾಕಿ, ನೆಲಕ್ಕೆ ಹಾಕಿದ್ರೆ ವಾಪಸ್ ಹತ್ಕೊಳ್ಳತ್ತೆ." ದೀಪಾವಳಿಗೆ, "ಮೂರು ದಿನ ಒಳಗಿರ್ಲಿ. ಪಟಾಕಿ ಸದ್ದಿಗೆ ಓಡಿಹೋದ ನಾಯಿ ಮನೆ ದಾರಿ ಮರೀತದೆ." ಪುಷ್ಯದ ಚಳಿಗೆ ಗೋಣಿಚೀಲ. ಪಕ್ಕದ ಮನೆಯ ಶಾರದಮ್ಮ ಹಬ್ಬಕ್ಕೆಂದು ನೆಲವನ್ನೆಲ್ಲ ಫಿನಾಯಿಲ್ ಹಾಕಿ ಸಾರಿಸಿದ ದಿನ ಅವರು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದ್ದರು: "ಬೆಕ್ಕು ಅದ್ರ ಮೇಲೇ ಓಡಾಡಿ ಕಾಲು ನೆಕ್ಕತ್ತೆ ತಾಯಿ! ನೀವು ನೆಲ ತೊಳೀತಿದೀರೋ, ಬೆಕ್ಕಿಗೆ ವಿಷ ಇಡ್ತಿದೀರೋ?" ಶಾರದಮ್ಮ ಸೆರಗು ಬಾಯಿಗಿಟ್ಟುಕೊಂಡು, ಅಳಬೇಕೋ ನಗಬೇಕೋ ತಿಳಿಯದೆ, ಮತ್ತೆ ಬರೀ ನೀರಲ್ಲಿ ನೆಲ ಒರೆಸಿದ್ದರು.

ಹಳೇ ಜಟಕಾ ಕುದುರೆಯ ಜೀನಿನ ಚರ್ಮ ತಂದು ಅವರೇ ನಮ್ಮ ಬೀದಿಯ ಸಾಕುನಾಯಿಗಳಿಗೆಲ್ಲ ಬೆಲ್ಟು ಹೊಲಿದಿದ್ದರು. ಲೈಸೆನ್ಸಿನ ಹಿತ್ತಾಳೆ ಬಿಲ್ಲೆಯನ್ನು ಅದಕ್ಕೇ ಸೇರಿಸಿ ಬಿಗಿದಿದ್ದರು. ಟೈಗರ್ ಕತ್ತಿಗೆ ಹಾಕಿದ ದಿನ ನನಗೆ ಹೇಳಿದ್ದು ಇಷ್ಟು: "ಇದನ್ನ ಮಾತ್ರ ಬಿಚ್ಚಬೇಡಿ ಅಮ್ಮಾವ್ರೆ. ಬಿಲ್ಲೆ ಇದ್ರೆ ಅದು ನಿಮ್ಮನೆ ಮಗ. ಇಲ್ದಿದ್ರೆ ಬೀದಿ ನಾಯಿ, ಕಾರ್ಪೊರೇಷನ್ ಗಾಡಿಯವ್ರು ಹಿಡ್ಕೊಂಡು ಹೋಗಿ ಸಾಯಿಸ್ತಾರೆ."

ನಾನು ಬಿಚ್ಚಿದೆ.

ಅಂದು ಮಾವನವರ ತಿಥಿ. ಶ್ರಾದ್ಧದ ಮನೆಯಲ್ಲಿ ನಾಯಿ ಕಣ್ಣಿಗೆ ಬೀಳಬಾರದು. ಚರ್ಮವಂತೂ ಕೂಡದೇ ಕೂಡದು. ಆ ದಿನ ನಮ್ಮತ್ತೆ ಚಪ್ಪಲಿಗಳನ್ನೂ ಗೇಟಿನಾಚೆ ಇಡಿಸುತ್ತಿದ್ದರು. "ಆ ನಾಯಿ ಕತ್ತಲ್ಲಿರೋ ತೊಗಲು ಮೊದ್ಲು ತೆಗಿಯೇ, ಪುರೋಹಿತರು ಹಿತ್ತಲಿಗೇ ಬರ್ತಾರೆ ಕಾಲು ತೊಳೆಯೋಕೆ," ಎಂದರು. ಬೆಳಿಗ್ಗೆ ಸ್ನಾನಕ್ಕೆ ಮೊದಲೇ ಬೆಲ್ಟು ಬಿಚ್ಚಿ, ಹಳೇ ಬಾವಿಹಗ್ಗದ ತುಂಡನ್ನು ಟೈಗರ್ ಕತ್ತಿಗೆ ಸುತ್ತಿ, ಹಿಂದಿನ ಖಾಲಿ ಸೈಟಿನ ಹೊಂಗೆ ಮರಕ್ಕೆ ಕಟ್ಟಿ ಬಂದೆ. ಬೆಲ್ಟನ್ನು ಸೌದೆ ರಾಶಿಯ ಹಿಂದೆ ತುರುಕಿದೆ. ಅರ್ಧ ದಿನದ ಮಾತು, ಏನಾಗಿಬಿಡುತ್ತೆ ಅಂದುಕೊಂಡೆ.

ಮಧ್ಯಾಹ್ನ ಹೋಗಿ ನೋಡಿದರೆ ಮರದಲ್ಲಿ ಕಡಿದ ಹಗ್ಗದ ಮೋಟು ಮಾತ್ರ ಇತ್ತು. ಗಾಡಿಯವರು ಹಿಡಿದುಕೊಂಡು ಹೋದದ್ದನ್ನು ನೋಡಿದವರು ಶಾರದಮ್ಮ. ತಿಥಿ ಮನೆಗೆ ಹೇಗೆ ಬಂದು ಹೇಳುವುದೆಂದು ಸಂಜೆಯವರೆಗೂ ಸುಮ್ಮನಿದ್ದರಂತೆ. ಮಾರನೆಯ ದಿನ ನಮ್ಮವರು ಹೋಗಿ ವಿಚಾರಿಸುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಭಾನುವಾರ ರಂಗಪ್ಪನವರು ಬಂದರು. ಸುದ್ದಿ ಬೀದಿಯಲ್ಲೇ ಕೇಳಿದ್ದರು. ಗೇಟಿನಲ್ಲೇ ನಿಂತು, "ಬೆಲ್ಟ್ ಇತ್ತಲ್ಲ ಅಮ್ಮಾವ್ರೆ?" ಎಂದರು. ನಮ್ಮತ್ತೆ ಒಳಗಿದ್ದರು. ನನ್ನ ಬಾಯಿ ಯಾರೂ ಹಿಡಿದಿರಲಿಲ್ಲ. ಅತ್ತೆ ಹೇಳಿಸಿದರು ಅಂತ ಇವತ್ತಿಗೂ ನಾನು ತಪ್ಪಿಸಿಕೊಳ್ಳುವ ಹಾಗಿಲ್ಲ.

"ನಿಮ್ಮ ಹೊಲಿಗೆ ಬಿಟ್ಟುಹೋಯ್ತು ರಂಗಪ್ಪನವರೇ. ಬೆಲ್ಟು ಎಲ್ಲೋ ಬಿದ್ದುಹೋಗಿದೆ," ಎಂದೆ.

ಒಂದು ಸಲ 'ನಾನು ಹೇಳಿದ್ದೆನಲ್ಲ' ಅನ್ನಿಸಿಕೊಳ್ಳುವುದನ್ನು ತಪ್ಪಿಸಿಕೊಳ್ಳಲು ಅಷ್ಟು ದೊಡ್ಡ ಸುಳ್ಳು. ಥೂ, ನನ್ನ ಜನ್ಮಕ್ಕೆ! ಅವರು ತಮ್ಮ ಬೆರಳುಗಳನ್ನೇ ನೋಡಿಕೊಂಡರು. "ಹೌದಾ," ಎಂದರು. "ಎರಡನೇ ಸಾಲು ಹೊಲಿಗೆ ಹಾಕ್ಬೇಕಿತ್ತು. ನಂದೇ ತಪ್ಪು. ಮಾಪ್ ಮಾಡ್ಬೇಕು ತಾಯಿ." ನನಗೆ ಕೈಮುಗಿದರು. ಅಪ್ಪನ ವಯಸ್ಸಿನವರು.

ಅಷ್ಟಕ್ಕೇ ನಿಲ್ಲಲಿಲ್ಲ. ಮುಂದಿನ ವಾರದಿಂದ ಮನೆಮನೆಗೂ ಹೋಗಿ ಬೆಲ್ಟುಗಳನ್ನು ಬಿಚ್ಚಿಸಿ, ಅಲ್ಲೇ ಜಗುಲಿಯ ಮೇಲೆ ಕೂತು, ದಬ್ಬಳ ಚುಚ್ಚಿ ಎರಡನೇ ಸಾಲು ಹೊಲಿದರು. ಯಾಕೆಂದು ಕೇಳಿದವರಿಗೆಲ್ಲ, "ನನ್ ಹೊಲಿಗೆಯಿಂದ ಒಂದು ಜೀವ ಹೋಯ್ತು," ಎಂದು ತಾವೇ ಹೇಳಿಕೊಳ್ಳುತ್ತಿದ್ದರು. ಆಚೆ ಪಕ್ಕದ ಮನೆಯ ಜಗುಲಿಯಲ್ಲಿ ಹಾಗೆ ಹೇಳಿದ್ದು ಕಿಟಕಿಯಿಂದ ನನಗೆ ಕೇಳಿಸಿತು. ಎದ್ದು ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಕಿಟಕಿ ಮುಚ್ಚಿದೆ.

ಹೀಗೇ ನಾಲ್ಕೈದು ವರ್ಷ ಕಳೆಯಿತು. ಅವರೆದುರು ಕಾಫಿ ಲೋಟ ಇಡುವಾಗಲೆಲ್ಲ ಹೇಳಿಬಿಡೋಣ ಅಂದುಕೊಂಡು, ಸಕ್ಕರೆ ಸಾಕೇ ಎಂದು ಕೇಳುತ್ತಿದ್ದೆ. ಆಮೇಲೆ ಅವರು ಬರುವುದೇ ನಿಂತಿತು. ಮೇಲೇಳುತ್ತಿಲ್ಲವೆಂದು ಸುದ್ದಿ ಬಂದಾಗ ಯಾರಿಗೂ ಹೇಳದೆ ಜಟಕಾ ಹಿಡಿದು ಕತ್ರಿಗುಪ್ಪೆಗೆ ಹೋದೆ. ಚಾಪೆಯ ಮೇಲೆ ಮಲಗಿದ್ದರು. ಕಾಲ ಬಳಿ ಎರಡು ಬೆಕ್ಕುಗಳಿದ್ದವು.

ಕೂತವಳೇ ಎಲ್ಲ ಹೇಳಿದೆ. ತಿಥಿ, ಚರ್ಮ, ಹಗ್ಗ, ಸುಳ್ಳು. ಹೇಳುತ್ತ ಹೇಳುತ್ತ ಅಳು ಬಂತು. ಅವರು ಬಯ್ಯಲಿ ಎಂದು ಕಾದೆ. ಅವರು ಬಯ್ಯಲಿಲ್ಲ. ಹೊಲಿಗೆಯ ಮಾತೇ ಎತ್ತಲಿಲ್ಲ.

"ಅದು ಬಲೇ ಸಾಧು ನಾಯಿ ಅಮ್ಮಾವ್ರೆ. ಹಗ್ಗ ಕಡಿಯೋದಲ್ಲ," ಎಂದರು. ಮತ್ತೆ ನನ್ನ ಕಡೆ ತಿರುಗಿ ಕೇಳಿದರು: "ಹಸಿದಿತ್ತಾ ಅವತ್ತು?"

ತಿಥಿಯ ದಿನ ಬ್ರಾಹ್ಮಣರ ಊಟವಾಗುವವರೆಗೆ ನಮ್ಮ ಮನೆಯಲ್ಲಿ ಯಾರಿಗೂ ಒಂದು ಅಗುಳು ಹಾಕುವಂತಿಲ್ಲ. ಹಿಂದಿನ ರಾತ್ರಿ ಒಪ್ಪತ್ತೆಂದು ಅಡಿಗೆಯೇ ಇರಲಿಲ್ಲ. ವಡೆ ಕರಿಯುವ ವಾಸನೆ ಖಾಲಿ ಸೈಟಿನವರೆಗೂ ಹೋಗಿತ್ತು. ಟೈಗರ್ ಕುಂಯಿಗುಟ್ಟುತ್ತಿದ್ದದ್ದನ್ನು ಒಲೆಯ ಮುಂದೆ ಕೂತು ನಾನು ಕೇಳಿದ್ದೆ.

"ಇಲ್ಲ ರಂಗಪ್ಪನವರೇ," ಎಂದೆ. "ಬೆಳಿಗ್ಗೆನೇ ಹಾಲು ಅನ್ನ ಕಲಸಿ ಹಾಕಿದ್ದೆ. ಹೊಟ್ಟೆ ತುಂಬಾ ತಿಂದಿತ್ತು."

"ಹಂಗಾದ್ರೆ ಸರಿ ಬಿಡಿ," ಎಂದರು. ಮುಖ ಸ್ವಲ್ಪ ಹಗುರಾಯಿತು.

ಹತ್ತು ದಿನಕ್ಕೆ ತೀರಿಕೊಂಡರು. ಅದನ್ನು ನಂಬಿಕೊಂಡೇ ಹೋದರು.