ಸಿಪ್ಪೆ ಜ್ಯೂಸಿನ ಹಲಗೆ

ನಾಚಿಕೆ ಎಂಬ ಪದಾರ್ಥ ಆ ಜ್ಯೂಸಂಗಡಿಯವನ ಮೈಯಲ್ಲಿ ಒಂದು ತೊಟ್ಟೂ ಇರಲಿಲ್ಲ. ನಿನ್ನೆಯ ಹಣ್ಣನ್ನು ಇಂದಿನದೆಂದು ಮಾರುವಾಗಲೂ ಅವನ ಮುಖ ಆಗತಾನೇ ತೊಳೆದಿಟ್ಟ ಲೋಟದಂತೆ ಹೊಳೆಯುತ್ತಿತ್ತು. ದಿನವೂ ಇಸ್ತ್ರಿ ಮಾಡಿದ ಬಿಳಿ ಅಂಗಿ. ಅದಕ್ಕೆ ರಸ ಸಿಡಿಯದಂತೆ ಯಂತ್ರದಿಂದ ದೂರ ನಿಂತು, ಕೊಕ್ಕರೆಯ ಹಾಗೆ ಬಾಗಿ ಹಣ್ಣು ಹಿಂಡುತ್ತಿದ್ದ.

ಅವನ ಅಂಗಡಿಯ ಹಿಂದಿನ ಕಟ್ಟಡದಲ್ಲಿ ನಮ್ಮ ಪ್ರಯೋಗಾಲಯ. ಕಿತ್ತಳೆ ಸಿಪ್ಪೆಯಿಂದ ಒಂದು ಸಂಯುಕ್ತವನ್ನು ಬೇರ್ಪಡಿಸಿ, ವೈರಸ್ಸಿನ ಮೇಲೂ ಕ್ಯಾನ್ಸರ್ ಕೋಶಗಳ ಮೇಲೂ ಪರೀಕ್ಷಿಸುವುದು ನಮ್ಮ ಕೆಲಸ. ಸಿಪ್ಪೆಯನ್ನು ಅವನು ಪುಕ್ಕಟೆ ಕೊಡುತ್ತಿದ್ದ. ಕಸ ಸಾಗಿಸುವ ಶ್ರಮ ಉಳಿಯುತ್ತಿತ್ತಲ್ಲ. ಒಂದು ಬೆಳಿಗ್ಗೆ ಚೀಲ ಕೊಡುತ್ತ, "ಏನಾಯ್ತು ಮೇಡಂ ನಮ್ಮ ಸಿಪ್ಪೆ ಕತೆ?" ಎಂದು ಕೇಳಿದ. ಗಾಜಿನ ತಟ್ಟೆಯಲ್ಲಿ ವೈರಸ್ಸು ಹೆಚ್ಚುವುದು ತಗ್ಗಿದೆ, ಇನ್ನೊಂದು ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳು ಸತ್ತಿವೆ, ಸದ್ಯಕ್ಕೆ ಅಷ್ಟೇ ಎಂದೆ. ಆ "ಅಷ್ಟೇ" ಅವನ ಕಿವಿಗೆ ಬೀಳಲೇ ಇಲ್ಲ.

ಸಂಜೆಗೆ ಅಂಗಡಿಯ ಮುಂದೆ ಕಪ್ಪು ಹಲಗೆ ನೇತಾಡುತ್ತಿತ್ತು: "ಸಿಪ್ಪೆ ಜ್ಯೂಸ್. ಕ್ಯಾನ್ಸರ್, ವೈರಸ್ ಎರಡಕ್ಕೂ ಒಂದೇ ಲೋಟ."

"ಇಳಿಸು ಅದನ್ನ," ಎಂದೆ.

"ಸಾಯುತ್ತೆ ಅಂತ ನೀವೇ ಹೇಳಿದ್ರಲ್ಲ ಮೇಡಂ."

"ತಟ್ಟೇಲಿ. ಕುದಿಯೋ ನೀರು ಸುರಿದ್ರೂ ಅಲ್ಲಿ ಸಾಯುತ್ತೆ. ಅದನ್ನೂ ಲೋಟಕ್ಕೆ ಹಾಕಿ ಮಾರ್ತೀಯಾ?"

ಅವನು ಸ್ವಲ್ಪ ಯೋಚಿಸಿ, ಬಳಪ ತೆಗೆದುಕೊಂಡು, ಕೊನೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ "ಬಹುಶಃ" ಎಂದು ಸೇರಿಸಿದ.

"ಈಗ ವಿಜ್ಞಾನ ಸರಿಹೋಯ್ತಲ್ಲ?"

ಗಿರಾಕಿಗಳ ಸಾಲು ರಸ್ತೆಯ ತಿರುವಿನವರೆಗೆ ಬೆಳೆಯಿತು. ಕುಡಿದವರು ಮುಖ ಕಿವುಚಿದಷ್ಟೂ ಅವನಿಗೆ ಹುರುಪು. "ಕಹಿ ಇದ್ರೇನೇ ಅಣ್ಣ ಔಷಧಿ," ಎನ್ನುತ್ತಿದ್ದ.

ಎದುರಿನ ಹೊಲಿಗೆ ಅಂಗಡಿ ಅವನ ಅಕ್ಕನದು. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು. ಆ ಬಿಳಿ ಅಂಗಿಗಳನ್ನು ಹೊಲಿದವಳೂ ಅವಳೇ. ಅವಳ ಎದೆಯಲ್ಲಿ ಗಂಟು ಕಾಣಿಸಿಕೊಂಡು, ಅದು ಕ್ಯಾನ್ಸರೆಂದು ಖಚಿತವಾಗಿತ್ತು. ಶಸ್ತ್ರಚಿಕಿತ್ಸೆಗೆ ಸೇರಬೇಕಾದ ದಿನ ಅವಳು ಆಸ್ಪತ್ರೆಗೆ ಹೊರಡುವ ಬದಲು ಸ್ಟೀಲಿನ ಚೊಂಬು ಹಿಡಿದು ಸಾಲಿನಲ್ಲಿ ನಿಂತಳು. ಸಿಪ್ಪೆಗೆಂದು ನಾನೂ ಅಲ್ಲಿದ್ದೆ.

"ಇದೇನಕ್ಕ?" ಎಂದ ತಮ್ಮ. "ಆಸ್ಪತ್ರೆಗೆ ಹೋಗೋಕೆ ಗಾಡಿ ಬಂದು ನಿಂತಿದೆ."

"ಕಳಿಸಿಬಿಡು. ಕತ್ತರಿ ಹಿಡಿಯೋಳು ನಾನು, ಕತ್ತರಿಸ್ಕೊಳ್ಳೋಕೆ ಯಾಕೆ ಹೋಗ್ಲಿ? ತಮ್ಮನ ಅಂಗಡೀಲೇ ಔಷಧಿ ಇದೆ. ಚೊಂಬಿನ ತುಂಬ ಹಾಕು."

"ಸಿಪ್ಪೆ ಮುಗೀತು."

"ಕೈಲಿರೋದೇನು?"

ಅವನು ಕೈಯನ್ನು ಬೆನ್ನ ಹಿಂದೆ ಮರೆಮಾಡಿದ. "ಅಕ್ಕ, ಹಲಗೇಲಿ ಬರೆದಿರೋದು ಗಿರಾಕಿಗಳಿಗೆ. ನಿನಗಲ್ಲ."

"ಓಹೋ. ಇವರೆಲ್ಲ ಯಾರಿಗೂ ಅಕ್ಕ ತಂಗಿ ಅಲ್ವೇನೋ?"

ಸಾಲು ನಕ್ಕಿತು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು.

"ಮೇಡಂ, ನೀವಾದ್ರೂ ಹೇಳಿ."

"ನಾನು ಹೇಳಿಯಾಯ್ತು. ಅವಳು ನಂಬಿರೋದು ನಿನ್ನನ್ನ."

ಅವನು ಯಂತ್ರ ನಿಲ್ಲಿಸಿದ. "ಇದು ಔಷಧಿ ಅಲ್ಲ," ಎಂದ, ಸಾಲಿನ ಕೊನೆಯವರಿಗೂ ಕೇಳುವಷ್ಟು ಗಟ್ಟಿಯಾಗಿ. "ಬರೀ ಕಹಿ. ನಾನೇ ಒಂದಿನಾನೂ ಕುಡಿದಿಲ್ಲ. ಕಾಯಿಲೆ ಇರೋರು ಡಾಕ್ಟರ ಹತ್ರ ಹೋಗಿ."

ಅಕ್ಕ ಚೊಂಬನ್ನು ಕೌಂಟರಿನ ಮೇಲೆ ಕುಕ್ಕಿ, "ಮೊದಲೇ ಬೊಗಳೋಕೆ ಏನಾಗಿತ್ತು?" ಎಂದು ಗಾಡಿಯತ್ತ ನಡೆದಳು.

ಅವನು ಸ್ಟೂಲು ಹತ್ತಿ ಹಲಗೆ ಇಳಿಸಿದ. ಒರೆಸುವ ಒದ್ದೆ ಬಟ್ಟೆ ಪಕ್ಕದಲ್ಲೇ ಇತ್ತು. ಅದನ್ನು ಬಿಟ್ಟು ಅಂಗಿಯ ಅಂಚನ್ನೇ ಎಳೆದುಕೊಂಡು, ರಸವಂಟಿದ ಕೈಯಿಂದ "ಬಹುಶಃ" ಸಮೇತ ಎಲ್ಲವನ್ನೂ ಉಜ್ಜಿ, ಹಾಗೆಯೇ ಅಕ್ಕನ ಹಿಂದೆ ಓಡಿದ.