ಸಂಕರ್ಷಣರಾಯರ ಎರಡನೇ ಧ್ವನಿಪೆಟ್ಟಿಗೆ

ಮುಳಬಾಗಿಲಿನಲ್ಲಿ ಸಂಕರ್ಷಣರಾಯರ ಮನೆ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಮೈಕ್ ಸ್ವಾಮಿ ಮನೆ ಎಂದರೆ ಕೈ ಹಿಡಿದು ಬಾಗಿಲಿಗೇ ತಂದು ಬಿಡುತ್ತಿದ್ದರು. ಅಪ್ಪ ಪೌರೋಹಿತ್ಯ ಮಾಡಿಕೊಂಡಿದ್ದವರು, ಅಣ್ಣ ಅಂಗಡಿಗಳ ಲೆಕ್ಕಪತ್ರ ಬರೆಯುವವರು. ಇವರೊಬ್ಬರು ಮಾತ್ರ ಆಟೋದಲ್ಲಿ ಕೂತು, ಮೈಕ್ ಹಿಡಿದು, ಸೀರೆ ಸೇಲು, ಸರ್ಕಸ್ಸು, ಕಣ್ಣಿನ ತಪಾಸಣೆ ಶಿಬಿರ ಎಂದು ಊರೂರು ಕೂಗಿದವರು. ಆ ಆಟೋ ನನ್ನದು. ನಾನು ದೊಡ್ಡವೆಂಕಟಪ್ಪ, ಅವರ ಡ್ರೈವರು, ಅವರ ಬಾಯಿಗೆ ಬಿಸಿನೀರು ತಂದುಕೊಡುತ್ತಿದ್ದವನು.

ಎಂಥ ಗಂಟಲು ಅದು! ಅವರ ಬಾಯಲ್ಲಿ ಸೋಪಿನ ಪುಡಿಯ ಹೆಸರೂ ಮಂಗಳಾರತಿಯ ಹಾಗೆ ಕೇಳಿಸುತ್ತಿತ್ತು. ಶ್ರೀನಿವಾಸಪುರದ ಕಡೆ ಹೋದರೆ ತೆಲುಗು, ಕೋಲಾರದ ಕಡೆ ಹೋದರೆ ಕನ್ನಡ. "ಮರೆಯದಿರಿ, ಮರೆತು ನಿರಾಶರಾಗದಿರಿ" ಎಂದು ಅವರು ಮುಗಿಸುವ ಹೊತ್ತಿಗೆ ಒಲೆ ಮುಂದಿದ್ದ ಹೆಂಗಸರೂ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬರುತ್ತಿದ್ದರು. ಪೂಜೆ ಮಾಡಬೇಕಾದ ಬಾಯಲ್ಲಿ ಚಪ್ಪಲಿ ಅಂಗಡಿ ಹೊಗಳುತ್ತಾನೆ ಎಂದು ಅವರ ಮನೆಯವರು ಬೈದುಕೊಳ್ಳುತ್ತಿದ್ದರು. ನನಗೆ ಅಂಥವರನ್ನು ಕಂಡರೆ ಈಗಲೂ ಮೈ ಉರಿಯುತ್ತದೆ.

ಎರಡು ಸಾವಿರದ ಐದರ ಸುಮಾರಿಗೆ ಆ ಗಂಟಲು ಒಡೆಯಿತು. ನೆಗಡಿ ಎಂದರು, ಉಷ್ಣ ಎಂದರು, ಕಷಾಯ ಕುಡಿಸಿದರು. ಕೊನೆಗೆ ಬೆಂಗಳೂರಿನ ಡಾಕ್ಟರು ಗೆಡ್ಡೆ ಎಂದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ವಾಪಸು ಬರುವಾಗ ನಾನು ಬಸ್ಸಿನಲ್ಲಿ ಅತ್ತೆ. ರಾಯರು ಅಳಲಿಲ್ಲ. ಕೋಲಾರ ದಾಟಿದ ಮೇಲೆ, ಗೊಗ್ಗರು ದನಿಯಲ್ಲಿ, "ಲೇ ವೆಂಕಟಪ್ಪ, ಇರೋದನ್ನೆಲ್ಲ ತುಂಬಿಟ್ಟುಬಿಡ್ತೀನಿ ಕಣೋ" ಎಂದರು.

ಆಪರೇಷನ್‌ಗೆ ಮುಂಚೆ ಉಳಿದಿದ್ದ ದಿನಗಳಲ್ಲಿ ಅವರು ಮನೆಯ ಹಳೇ ಕಂಪ್ಯೂಟರಿನ ಮುಂದೆ ಮೈಕ್ ಇಟ್ಟುಕೊಂಡು ಕೂತರು. ಪ್ರಚಾರದ ಮಾತುಗಳನ್ನು ಬಿಡಿಬಿಡಿಯಾಗಿ ಹೇಳಿದರು: ವಾರದ ದಿನಗಳು, ಬೆಳಿಗ್ಗೆ, ಸಂಜೆ, ಗೌನಿಪಲ್ಲಿ, ಸುಗಟೂರು, ಮಾಲೂರು, ಶಿವಾರಪಟ್ಟಣ, ಉಚಿತ, ತಪ್ಪದೇ ಬನ್ನಿ. ಬೇಕಾದವನ್ನು ಪೋಣಿಸಿಕೊಂಡರೆ ಮುಂದೆಯೂ ಆಟೋದಲ್ಲಿ ಅವರ ದನಿಯೇ ಓಡಾಡುತ್ತದೆ ಎಂಬುದು ಲೆಕ್ಕ. ಅದು ಮುಗಿದ ಮೇಲೆ ಮನೆಯ ಮಾತು ಶುರು ಮಾಡಿದರು. ಕಾಫಿ ಕೊಡು. ಬಾಗಿಲು ಹಾಕ್ಕೋ. ಮಳೆ ಬಂತು, ಬಟ್ಟೆ ತೆಗಿ. ಮಾಧವೀ. ಹೆಂಡತಿಯ ಹೆಸರನ್ನು ಸಿಟ್ಟಿನಲ್ಲಿ ಒಮ್ಮೆ, ಮುದ್ದಿನಲ್ಲಿ ಒಮ್ಮೆ, ಬೀದಿ ಗೇಟಿನಿಂದ ಕೂಗುವ ಹಾಗೆ ಒಮ್ಮೆ. ನೋವು ತಡೆದುಕೊಂಡೇ ಹೇಳುತ್ತಿದ್ದರು. ಮಾಧವಮ್ಮ ಒಳಗೆ ಬೇಕೆಂದೇ ಪಾತ್ರೆ ಸದ್ದು ಮಾಡುತ್ತಾ ಓಡಾಡುತ್ತಿದ್ದರು.

ಆಪರೇಷನ್ ಆಯಿತು. ಕುತ್ತಿಗೆಯಲ್ಲಿ ಉಸಿರಾಡುವ ತೂತು, ಅದರ ಮೇಲೊಂದು ತೆಳು ಬಟ್ಟೆ. ಹೆಂಡತಿಯನ್ನು ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಿದ್ದರು. "ನಾನೇನು ಛತ್ರದ ಆಳಾ, ಚಪ್ಪಾಳೆ ತಟ್ಟಿದ್ರೆ ಬರೋಕೆ?" ಎಂದು ಮಾಧವಮ್ಮ ರೇಗುತ್ತಾ ಓಡಿ ಬರುತ್ತಿದ್ದರು. ಬಂದು ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಆ ಹಳೇ ಕಂಪ್ಯೂಟರು ಕೆಟ್ಟು ಕೂತಿತು. ರಾಯರ ದನಿಯೆಲ್ಲ ಅದರೊಳಗಿನ ಡಿಸ್ಕಿನಲ್ಲಿತ್ತು, ಇನ್ನೆಲ್ಲೂ ಇರಲಿಲ್ಲ. ಗೌನಿಪಲ್ಲಿಯ ರಹಮತ್ತುಲ್ಲಾ ಬಂದು ನೋಡಿದ. ಅವನು ಮೊದಲು ನಮಗೆ ಮೈಕ್ ಸೆಟ್ ರಿಪೇರಿ ಮಾಡಿಕೊಡುತ್ತಿದ್ದವನು, ಆಮೇಲೆ ಕಂಪ್ಯೂಟರ್ ಜೋಡಿಸುವುದನ್ನು ಕಲಿತಿದ್ದ.

"ಅಣ್ಣಾ, ಡಿಸ್ಕ್ ಚೆನ್ನಾಗೇ ಇದೆ, ಬೋರ್ಡ್ ಹೋಗಿದೆ ಅಷ್ಟೇ. ನಿಮಗೆ ಒಂದು ಸರ್ವರ್ ಕಟ್ಟಿಕೊಡ್ತೀನಿ. ಹೊಸ ಡಿಸ್ಕ್ ಒಂದು, ಹಳೇದು ಒಂದು, ಎರಡರಲ್ಲೂ ನಿಮ್ಮ ವಾಯ್ಸ್ ಇಡೋಣ. ಒಂದು ಹೋದ್ರೂ ಇನ್ನೊಂದು ಇರುತ್ತೆ. ಅಡುಗೆಮನೇಲಿ ಸ್ಪೀಕರ್ ಹಾಕ್ತೀನಿ. ನೀವು ಇಲ್ಲಿ ಗುಂಡಿ ಒತ್ತಿದ್ರೆ ಅಕ್ಕನಿಗೆ ಅಲ್ಲಿ ಕೇಳ್ಸುತ್ತೆ."

"ಸರ್ವರ್ ಅಂದ್ರೆ ಹೋಟ್ಲಲ್ಲಿ ಇಡ್ಲಿ ತಂದಿಕ್ಕೋನಲ್ವಾ?" ಎಂದೆ ನಾನು. ಆಪರೇಷನ್ ಆದ ಮೇಲೆ ರಾಯರು ನಕ್ಕದ್ದು ಅವತ್ತೇ. ಸದ್ದಿಲ್ಲದ ನಗು, ಭುಜ ಮಾತ್ರ ಅಲುಗುತ್ತಿತ್ತು.

ರಹಮತ್ತುಲ್ಲಾ ತನ್ನ ಅಂಗಡಿಯಲ್ಲೇ ಸರ್ವರ್ ಜೋಡಿಸಿ, ಓಡಿಸಿ ನೋಡಿ, ಎರಡೂ ಡಿಸ್ಕ್ ಕೂರಿಸಿ ಬಸ್ಸಿಗೆ ಹಾಕಿ ಕಳಿಸಿದ. ಮಾವಿನ ಕಾಲ, ಅವನಿಗೂ ಹಣ್ಣಿನ ಮಂಡಿಯಲ್ಲಿ ಕೈತುಂಬ ಕೆಲಸ. ಶುಕ್ರವಾರ ನಮಾಜ್ ಮುಗಿಸಿ ಬಂದು, ಹಳೇ ಡಿಸ್ಕಿನ ದನಿಯನ್ನು ಹೊಸದಕ್ಕೂ ನಕಲು ಮಾಡಿ, ಮಿಕ್ಕದ್ದು ಮಾಡುತ್ತೇನೆ ಎಂದಿದ್ದ. ಆ ರಸ್ತೆಯ ಗುಂಡಿಗಳ ಬಗ್ಗೆ ನಾನು ಬಾಯಿ ಬಿಡದೆ ಇರುವುದೇ ವಾಸಿ. ಬಸ್‌ಸ್ಟ್ಯಾಂಡಿನಿಂದ ಮನೆಗೆ ತಂದು ಸ್ವಿಚ್ ಹಾಕಿದರೆ ಫ್ಯಾನ್ ತಿರುಗಿತು, ಪರದೆ ಕಪ್ಪಗೇ ಉಳಿಯಿತು. ಒಳಗಿಂದ ಕುಂಯ್ ಕುಂಯ್ ಎಂಬ ಸದ್ದು ಬೇರೆ.

ಶುಕ್ರವಾರದವರೆಗೆ ಕಾಯಬಹುದಿತ್ತು. ಮಾಧವಮ್ಮನಿಗೆ ತಡೆಯಲಾಗಲಿಲ್ಲ. ಗಂಡ ತನ್ನ ಹೆಸರು ಕರೆದು ಎಷ್ಟೋ ತಿಂಗಳಾಗಿತ್ತು, ಆ ಕರೆ ಈ ಡಬ್ಬಿಯೊಳಗೆ ಬೀಗ ಹಾಕಿಕೊಂಡು ಕೂತಿತ್ತು. ಬೆಳಿಗ್ಗೆಯೇ ರಹಮತ್ತುಲ್ಲಾನಿಗೆ ಫೋನ್ ಹಚ್ಚಿದರು. ಮಾತಾಡಲಾಗದ ರಾಯರು ಡಬ್ಬಿಯ ಪಕ್ಕ ಕೂತರು, ಅವನು ಹೇಳಿದ್ದನ್ನು ಮಾಧವಮ್ಮ ಕೂಗಿ ಹೇಳುತ್ತಿದ್ದರು. ನಾನು ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ.

ಮೊದಲು ಮೆಮೊರಿ ಪಟ್ಟಿ ತೆಗೆದು ಅದರ ಹಳದಿ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿ ಎಂದ. ಹಾಗೇ ಮಾಡಿದರೆ ಪರದೆ ಬೆಳಗಿತು. ಮಾಧವಮ್ಮ ಕೈಮುಗಿದರು. ಆದರೆ ಒಂದು ಸಾಲು ಇಂಗ್ಲಿಷ್ ಬಂದು ಅಲ್ಲೇ ನಿಂತಿತು: ಓಡಿಸುವ ಸಿಸ್ಟಂ ಸಿಗುತ್ತಿಲ್ಲ ಅಂತ. "ಡಿಲೀಟ್ ಒತ್ತು ಅಕ್ಕಾ" ಎಂದ, ಒತ್ತಿದರು. "ಈಗ ಎಫ್ ಟೆನ್ ಒತ್ತು." ಒತ್ತಿದರು. "ಎಂಟರ್ ಒತ್ತು." ಒತ್ತಿದರು. ಏನು ಮಾಡಿದರೂ ಅದೇ ಸಾಲು. ಕೊನೆಗೆ ಅವನು, ಹೊಸ ಡಿಸ್ಕಿನಲ್ಲಿ ಸಿಸ್ಟಂ ಕೆಟ್ಟಿರಬೇಕು, ಡಬ್ಬಿಯ ಜೊತೆ ಕಳಿಸಿರುವ ಸಿ.ಡಿ. ಹಾಕಿ ಮತ್ತೆ ತುಂಬೋಣ, ಅದರಲ್ಲಿ ಹೇಗೂ ಇನ್ನೂ ಏನೂ ಇಲ್ಲ ಎಂದ. ಕೇಬಲ್ ಸಡಿಲವಿದ್ದರೆ ಒತ್ತಿ ಹಿಡಿದುಕೊಳ್ಳಲಿ ಎಂದೂ ಹೇಳಿದ. ರಾಯರು ಮೇಜಿನ ಕೆಳಗೆ ತೂರಿ ಎರಡೂ ಕೈಯಲ್ಲಿ ಕೇಬಲ್ ಹಿಡಿದರು.

ನಿಜವೆಂದರೆ ಬಸ್ಸಿನ ಕುಲುಕಾಟಕ್ಕೆ ಹೊಸ ಡಿಸ್ಕಿನ ತಂತಿ ಹಿಂದಿನಿಂದ ಕಳಚಿಕೊಂಡಿತ್ತು. ಅದನ್ನು ಒಂದು ಸಲ ಒತ್ತಿದ್ದರೆ ಎಲ್ಲ ಸರಿಹೋಗುತ್ತಿತ್ತು. ರಾಯರು ಹಿಡಿದುಕೊಂಡಿದ್ದದ್ದು ಹಳೇ ಡಿಸ್ಕಿನದು.

ಸಿ.ಡಿ. ಓಡಿತು. ಪರದೆಯ ಮೇಲೆ ಡಿಸ್ಕಿನ ಹೆಸರು ಬಂತು, ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಒಪ್ಪಿಗೆಯೇ ಎಂದು ಕೇಳಿತು. ಮಾಧವಮ್ಮ ಒಂದೊಂದೇ ಅಕ್ಷರ ಕೂಡಿಸಿ ಫೋನಿನಲ್ಲಿ ಓದಿದರು. "ಫಾರ್ಟಿ ಜಿಬಿ ಅಂತಿದೆ ಕಣಪ್ಪ."

ಹೊಸದು ಎಂಬತ್ತು, ಹಳೇದು ನಲವತ್ತು. ಅಳಿಸಲು ಹೊರಟಿರುವುದು ದನಿಯಿರುವ ಡಿಸ್ಕನ್ನೇ ಎಂದು ರಹಮತ್ತುಲ್ಲಾನಿಗೆ ಹೊಳೆಯಿತು. ಗೌನಿಪಲ್ಲಿಯಲ್ಲಿ ಬೆಳಗಿನಿಂದ ಸಂಜೆವರೆಗೆ ತೆಲುಗಿನಲ್ಲೇ ವ್ಯಾಪಾರ ಮಾಡುವವನು, ಗಾಬರಿಯಲ್ಲಿ ಅದೇ ನುಗ್ಗಿ ಬಂತು.

"ವದ್ದು! ಎಂಟರ್ ವದ್ದು ಅಕ್ಕಾ, ವದ್ದು!"

ತೆಲುಗಿನ ವದ್ದು ಎಂದರೆ ಬೇಡ. ಮಾಧವಮ್ಮ ಹಾಸನದ ಕಡೆಯವರು, ಆದರೂ ಸಂತೆಯಲ್ಲಿ ಆ ಮಾತು ದಿನವೂ ಕೇಳುವವರೇ. ಆದರೆ ಬೆಳಗಿನಿಂದ ಅದೇ ದನಿ ಒತ್ತು ಒತ್ತು ಎಂದೇ ಹೇಳಿತ್ತು, ಲೈನಿನಲ್ಲಿ ಗರಗರ ಬೇರೆ. ಅವರಿಗೆ ಕೇಳಿಸಿದ್ದು ಎಂಟರ್ ಒತ್ತು ಎಂದು. ಅಷ್ಟು ಅವಸರದಲ್ಲಿ ಹೇಳುತ್ತಿದ್ದಾನಲ್ಲ, ತಡ ಮಾಡಬಾರದು ಎಂದುಕೊಂಡರು.

ಮೇಜಿನ ಕೆಳಗೆ ರಾಯರಿಗೆ ಫಾರ್ಟಿ ಎಂಬುದು ಕೇಳಿಸಿತ್ತು, ಅರ್ಥವೂ ಆಗಿತ್ತು. ನಾಲ್ಕು ತಾಲ್ಲೂಕಿಗೆ ಕೇಳುವಂತೆ ಕೂಗಿದ ಮನುಷ್ಯ ಬಾಯಿ ತೆರೆದರು. ನನಗೆ ಕಂಡದ್ದು ಕುತ್ತಿಗೆಯ ಬಟ್ಟೆ ಹಾರಿದ್ದು ಮಾತ್ರ. ತಲೆಯಿಂದ ಮೇಜನ್ನು ಗುದ್ದಿದರು. "ನಿಧಾನ ಕಣ್ರೀ, ತಲೆಗೆ ಪೆಟ್ಟು ಮಾಡ್ಕೋತೀರ" ಎನ್ನುತ್ತಲೇ ಮಾಧವಮ್ಮ ಎಂಟರ್ ಒತ್ತಿದರು.

"ಒತ್ತಿದೆ ಕಣಪ್ಪ, ನೀಲಿ ಗೆರೆ ಓಡ್ತಾ ಇದೆ" ಎಂದರು ಫೋನಿಗೆ, ಸಂತೋಷವಾಗಿ. ರಾಯರು ತೆವಳಿಕೊಂಡು ಹೊರಗೆ ಬಂದು ಪ್ಲಗ್ ಕಿತ್ತೆಸೆಯುವ ಹೊತ್ತಿಗೆ ಗೆರೆ ಮುಕ್ಕಾಲು ದಾಟಿತ್ತು. ಆಗಲೂ ಮಾಧವಮ್ಮನಿಗೆ ಗೊತ್ತಾಗಲಿಲ್ಲ. ಗಂಡನ ಮುಖ ನೋಡಿದ ಮೇಲೆ ಗೊತ್ತಾಯಿತು. ನಾನು ನೋಡಬಾರದ್ದನ್ನು ನೋಡಿದೆ, ಅಷ್ಟೇ ಹೇಳಬಲ್ಲೆ.

ರಹಮತ್ತುಲ್ಲಾ ಮಂಡಿ ಬಿಟ್ಟು ಓಡಿ ಬಂದ. ಮಾಧವಮ್ಮನ ಕಾಲು ಮುಟ್ಟಲು ಹೋದ, ಅವರು ಹಿಂದೆ ಸರಿದು ಗೋಡೆಗೆ ಒರಗಿಕೊಂಡರು. ತಪ್ಪು ಯಾರದು ಎಂದು ಬೀದಿಯವರು ಆಡಿಕೊಂಡಾಗ ನಾನು ಜಗಳಕ್ಕೇ ನಿಂತೆ. ಈ ಸೀಮೆಯಲ್ಲಿ ಅರ್ಧ ಮಾತು ಈ ಭಾಷೆ, ಅರ್ಧ ಆ ಭಾಷೆ, ಯಾರನ್ನು ಅಂತ ಬೈಯುತ್ತೀರಿ? ಅವತ್ತಿನಿಂದ ಅವನು ಆ ಮನೆಯಲ್ಲಿ ಒಂದು ತೆಲುಗು ಮಾತೂ ಆಡಿಲ್ಲ.

ಅಳಿಸಿದ್ದನ್ನು ಹುಡುಕಿ ತೆಗೆಯುವವರಿಗೆ ಡಿಸ್ಕನ್ನು ಬೆಂಗಳೂರಿನಲ್ಲಿ ಕೊಟ್ಟು ಬಂದ. ಮಾವಿನ ಕಾಲ ಮುಗಿದ ಮೇಲೆ ಒಂದು ಸಿ.ಡಿ. ಹಿಡಿದು ಬಂದ. ಅಳಿಸಿದ್ದರ ಮೇಲೆ ಬೇರೆ ಬರೆದುಕೊಂಡಿದೆಯಂತೆ, ಸಿಕ್ಕಿದ್ದು ಒಂದೇ ಒಂದು ಚೂರು. ತಂತಿ ಸರಿಮಾಡಿದ್ದ ಸರ್ವರ್ ಈಗ ಸ್ವಿಚ್ ಹಾಕಿದ ಕೂಡಲೇ ಎದ್ದು ಕೂರುತ್ತಿತ್ತು. ಸಿ.ಡಿ. ಹಾಕಿದ. ಅಡುಗೆಮನೆಯ ಸ್ಪೀಕರಿನಲ್ಲಿ ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ತುಂಬು ದನಿಯಲ್ಲಿ "ಮಾ". ಅಲ್ಲಿಗೆ ಕತ್ತರಿಸಿಹೋಯಿತು.

"ಇನ್ನೊಂದ್ಸಲ ಹಾಕಪ್ಪ" ಎಂದರು ಮಾಧವಮ್ಮ. ಹಾಕಿದ. "ನನ್ನೇ ಕರೀತಿದ್ದಾರೆ" ಎಂದರು. ಹೇಳಿದ ಮೇಲೆ ಅನುಮಾನ ಬಂದು ಗಂಡನ ಕಡೆ ತಿರುಗಿದರು. "ಅಲ್ವೇನ್ರೀ? ನನ್ನ ಹೆಸರೇ ತಾನೆ?"

ರಾಯರು ಅವರನ್ನೇ ನೋಡಿದರು. ಆಮೇಲೆ ಹೌದು ಎಂದು ತಲೆಯಾಡಿಸಿದರು.

ಆಟೋದಲ್ಲಿ ಅವರ ಮುಂದಿನ ಸೀಟಿನಲ್ಲಿ ಕೂತು ವರ್ಷಗಟ್ಟಲೆ ಆ ಗಂಟಲು ಕೇಳಿದವನು ನಾನು. ಹೆಂಡತಿಯನ್ನು ಕರೆಯುವಾಗ ಅವರು ಎಂದೂ ಗಂಟಲು ಸರಿಮಾಡಿಕೊಂಡವರಲ್ಲ. ಅದು ಮಾಲೂರು ಎನ್ನುವಾಗಿನ "ಮಾ". ರಹಮತ್ತುಲ್ಲಾ ನನ್ನ ಮುಖ ನೋಡಿದ, ಅವನಿಗೂ ಗೊತ್ತಾಗಿತ್ತು. ಮಾಧವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಸ್ಪೀಕರಿನ ಹತ್ತಿರಕ್ಕೆ ಸ್ಟೂಲ್ ಎಳೆದುಕೊಂಡು ಕೂತರು. "ಮತ್ತೆ ಹಾಕು" ಎಂದರು. ಅವನು ಮತ್ತೆ ಹಾಕಿದ.