ಅರ್ಧ ನೀರಿನ ಔಷಧ

ನಿನ್ನೆ ಸೊಸೆ ಮೊಮ್ಮಗನ ಔಷಧದ ಪುಡಿಗೆ ನೀರು ಹಾಕಿ ಬಾಟಲಿ ಅಲುಗಾಡಿಸಿದಳು. ಆ ಸಿಹಿ ಬಾಳೆಹಣ್ಣಿನ ವಾಸನೆ ಬಂದದ್ದೇ ತಡ, ನಾನು ಎದ್ದು ಹೊರಗೆ ಹೋದೆ. ಐವತ್ತು ವರ್ಷವಾಯಿತು, ಹೆದರಿಕೆ ಇನ್ನೂ ಹೋಗಿಲ್ಲ...

ಎಪ್ಪತ್ತರ ದಶಕದಲ್ಲಿ ದರಿಬಡಚಿ ಹಳ್ಳಿಯ ನಮ್ಮ ಓಣಿಯಲ್ಲಿ ಕಂಪೌಂಡರ್ ಕಾಕಾ ಇದ್ದರು. ಹತ್ತಿರದ ಪಟ್ಟಣ ಜತ್ತಿನ ಡಾಕ್ಟರು ಬರೆದ ಔಷಧ ತಂದು, ಹೇಗೆ ಕೊಡಬೇಕೆಂದು ಹೇಳುವುದು ಅವರ ಕೆಲಸ. ನನ್ನ ಎಂಟು ತಿಂಗಳ ಮಗಳಿಗೆ ಜ್ವರ ಬಂದಾಗ ಪುಡಿಯ ಬಾಟಲಿ ಕೊಟ್ಟು, ಕಾಯಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಬೇಕೆಂದು ಮೂರು ಸಲ ಹೇಳಿದ್ದರು. ನಾನು ಕುರಿ ಕಾಯುವವರ ಮಗಳು. ಹಾಲಿಗೆ ನೀರು ಬೆರೆಸುವವರ ಮುಖವನ್ನೂ ನಮ್ಮ ತವರಿನಲ್ಲಿ ನೋಡುತ್ತಿರಲಿಲ್ಲ. ನೀರು ಹೆಚ್ಚಾದರೆ ಔಷಧದ ಸತ್ವವೂ ಹೋದೀತೆಂದು ಹೇಳಿದ ನೀರಿನ ಅರ್ಧಕ್ಕೇ ನಿಲ್ಲಿಸಿದೆ. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ.

ಮರುದಿನ ಮಧ್ಯಾಹ್ನ, ಮೂರನೆಯ ಚಮಚೆ ಕುಡಿಸಿದ ಮೇಲೆ ಮಗು ವಾಂತಿ ಮಾಡಿತು. ಮೈ ತಣ್ಣಗಾಯಿತು, ಕತ್ತು ವಾಲಿತು. ಅತ್ತೆ ಓಡಿಹೋಗಿ ಕಾಕಾನನ್ನು ಕರೆತಂದು, ದುಪ್ಪಟಿ ತರಲು ಒಳಗೆ ಹೋದರು. ಕಾಕಾ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ನೀರ ಎಷ್ಟ ಹಾಕಿದಿ, ತಂಗಿ?"

ಅರ್ಧ ಎಂದೆ. ಅವರು ಬಾಟಲಿ ಕೆಳಗಿಟ್ಟರು.

"ಒಂದ ಚಮಚೆದಾಗ ಎರಡರ ಔಷಧ ಹೋಗ್ಯದ. ಮೂರ ಚಮಚೆ ಅಂದ್ರ ಆರು."

ಅವರೇ ಮಗುವನ್ನು ಹೆಗಲಿಗೆ ಹಾಕಿಕೊಂಡು ಜತ್ತಿನ ಬಸ್ಸು ಹತ್ತಿದರು, ಹಿಂದೆಯೇ ಅತ್ತೆ ಮತ್ತು ನಾನು. ದಾರಿಯುದ್ದಕ್ಕೂ ಅದರ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದರು. ಬೆರಳು ತೆಗೆದಾಗಲೆಲ್ಲ ನಾನು ಅವರ ಮುಖ ನೋಡುತ್ತಿದ್ದೆ. ಮಗು ಸಾಯುತ್ತದೆಂಬ ಹೆದರಿಕೆಯ ಜೊತೆಗೆ, ಅತ್ತೆ ನನ್ನನ್ನು ಮನೆಯಿಂದ ಹೊರಹಾಕುತ್ತಾರೆಂಬ ಹೆದರಿಕೆಯೂ ಇತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಔಷಧ ಹೆಚ್ಚಾಗಿದೆ ಎಂದು ಡಾಕ್ಟರು ಹೇಳಿದ ಮೇಲೆ, ದವಾಖಾನೆಯ ಬಾಗಿಲಲ್ಲಿ ಅತ್ತೆ, ಯಾರು ಹೀಗೆ ಮಾಡಿದ್ದೆಂದು ಕೇಳಿದರು. ಕಾಕಾ ನನ್ನತ್ತ ಒಮ್ಮೆ ನೋಡಿದರು.

"ನೀರಿನ ಲೆಕ್ಕ ನಾನಽ ತಪ್ಪ ಹೇಳಿದ್ನಿರಿ, ಅಕ್ಕಾರ. ತಪ್ಪ ನಂದ."

ನಾನು ತಲೆ ಎತ್ತಲಿಲ್ಲ.

ನಾಲ್ಕು ದಿನಕ್ಕೆ ಮಗು ಕಣ್ಣುಬಿಟ್ಟು ಹಾಲು ಕುಡಿಯಿತು. ಆದರೆ ಊರಿನವರು ಕಾಕಾನ ಕೈಯಿಂದ ಔಷಧ ತೆಗೆದುಕೊಳ್ಳುವುದನ್ನೇ ಬಿಟ್ಟರು. ಮಕ್ಕಳನ್ನು ಕೊಲ್ಲುವವನೆಂದು ಎದುರಿಗೇ ಅಂದವರೂ ಇದ್ದರು. ವರ್ಷ ತುಂಬುವ ಮೊದಲೇ ಅವರು ಊರು ಬಿಟ್ಟು ಶೇಗಾಂವದ ಕಡೆ ಹೊರಟುಹೋದರು. ಸಾಮಾನು ಹೇರಿದ ಗಾಡಿ ನಮ್ಮ ಮನೆಯ ಮುಂದೆಯೇ ಹೋಯಿತು, ನಾನು ಬಾಗಿಲ ಹಿಂದೆ ನಿಂತಿದ್ದೆ...

ಆ ಮಗಳಿಗೆ ಈಗ ಐವತ್ತು ವರ್ಷ. ನಿನ್ನೆ ಮೊದಲ ಸಲ ಫೋನಿನಲ್ಲಿ ಎಲ್ಲ ಹೇಳಿದೆ. ಕೇಳಿದವಳು, "ಅವ್ವಾ, ಮುಂದರ ಯಾರಿಗಾದ್ರೂ ಖರೇ ಹೇಳಿದೇನು?" ಎಂದು ಕೇಳಿದಳು.

ಇಲ್ಲ. ಕಾಕಾ ತೀರಿಕೊಂಡ ಸುದ್ದಿ ಬಂದಾಗ ಅತ್ತೆ ಎದುರಿಗೇ ಕುಳಿತಿದ್ದರು. ಅಂದೂ ನಾನು ಬಾಯಿ ಬಿಡಲಿಲ್ಲ.